ಬಿಟ್ಟ ಮೀನಿನ ಯಜಮಾನರು

ನ್ಯೂಜಿಲೆಂಡಿನ ಟೌಪೊ ಸರೋವರದ ವಿಸ್ತಾರ 616 ಚದರ ಕಿಲೋಮೀಟರ್. ನಿಲ್ಲಲು ಅಷ್ಟೆಲ್ಲ ಜಾಗವಿದ್ದರೂ ನಮ್ಮ ಯಜಮಾನರಿಗೆ ಬೇಕಾದದ್ದು ವೈಟಹನುಯಿ ಹೊಳೆ ಬಂದು ಸೇರುವ ಆ ಒಂದು ಮೂಲೆ. ಹೊಳೆಯ ತಣ್ಣೀರನ್ನು ಅರಸಿ ಟ್ರೌಟ್ ಮೀನುಗಳು ಅಲ್ಲಿಗೆ ಬರುತ್ತವೆ, ಟ್ರೌಟನ್ನು ಅರಸಿ ಇವರಂಥವರು. ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಸೊಂಟದವರೆಗೆ ನೀರಲ್ಲಿ ಸಾಲಾಗಿ ನಿಂತು ಗಾಳ ಬೀಸುವ ಈ ಮಂದಿಗೆ ಅಲ್ಲಿನವರು ‘ಗೂಟದ ಬೇಲಿ’ ಎಂದು ಹೆಸರಿಟ್ಟಿದ್ದಾರೆ. ಗೂಟಕ್ಕೆ ಮೀನು ಸಿಕ್ಕದಿದ್ದರೆ ಯಾರೂ ಕೇಳುವುದಿಲ್ಲ. ಯಜಮಾನರಿಗೆ ಆ ಸವಲತ್ತಿಲ್ಲ.

ಪಕ್ಕದವನ ದಾರ ಬಿಗಿಯಿತೆಂದರೆ ಇವರು ಕತ್ತು ತಿರುಗಿಸದೆ “ಒಳ್ಳೆ ಮೀನು” ಎನ್ನುತ್ತಾರೆ. ಹಾಗೆಂದು ತಕ್ಷಣ ತಮ್ಮ ಫ್ಲೈ ಬದಲಿಸುತ್ತಾರೆ. ಕೊಕ್ಕೆಗೆ ಹಕ್ಕಿಗರಿ ಸುತ್ತಿ, ಮರಿಮೀನಿನ ವೇಷ ಹಾಕಿಸಿದ ಈ ಫ್ಲೈಗಳಿಗೆ ಭಾರೀ ಹೆಸರುಗಳು: ಹ್ಯಾಮಿಲ್ಸ್ ಕಿಲ್ಲರ್, ಪಾರ್ಸನ್ಸ್ ಗ್ಲೋರಿ, ಮಿಸೆಸ್ ಸಿಂಪ್ಸನ್. “ನಿನ್ನೆ ರಾತ್ರಿ ಮಿಸೆಸ್ ಸಿಂಪ್ಸನ್ ಕೈಕೊಟ್ಟಳು” ಎಂದು ಬೆಳಿಗ್ಗೆ ಬೇಕರಿಯಲ್ಲಿ ಗಟ್ಟಿಯಾಗಿ ಹೇಳಿದರೆ ಊರಿಗೆ ಹೊಸಬರು ಮಾತ್ರ ತಿರುಗಿ ನೋಡುತ್ತಾರೆ.

ಮೀನು ಸಿಕ್ಕದ ತಪ್ಪು ಕೆಲವೊಮ್ಮೆ ಅಮೆರಿಕದ ಕಾದಂಬರಿಕಾರ ಝೇನ್ ಗ್ರೇಯದು. ಆತ 1926ರಲ್ಲಿ ಇಲ್ಲೇ ಟೊಂಗರಿರೊ ಹೊಳೆಗೆ ಬಂದು ಗಾಳ ಹಾಕಿದ್ದ. ದೊಡ್ಡವನ್ನೆಲ್ಲ ಅವನೇ ಖಾಲಿ ಮಾಡಿ ಹೋದನೆಂದು ಯಜಮಾನರ ಗುಮಾನಿ. ಹೊರಗಿನವರೆಂದರೆ ಅವರಿಗೆ ಅಷ್ಟಕ್ಕಷ್ಟೆ. (ಇಲ್ಲಿನ ರೇನ್‌ಬೋ ಟ್ರೌಟಿನ ಮೂಲ ಕ್ಯಾಲಿಫೋರ್ನಿಯಾ, ಯಜಮಾನರ ಮುತ್ತಜ್ಜನೂ ಹಡಗು ಹತ್ತಿ ಬಂದವರೇ. ಇರಲಿ.)

ಬೇರೆ ದೇಶದಲ್ಲಾದರೆ ಬರಿಗೈಯವನು ದಾರಿಯಲ್ಲಿ ಮೀನಂಗಡಿ ಹೊಕ್ಕು ಮಾನ ಉಳಿಸಿಕೊಳ್ಳಬಹುದು. ಇಲ್ಲಿ ಕಾನೂನು ಆ ಬಾಗಿಲನ್ನೇ ಮುಚ್ಚಿಬಿಟ್ಟಿದೆ. ನ್ಯೂಜಿಲೆಂಡಿನಲ್ಲಿ ಟ್ರೌಟ್ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಹೋಟೆಲಿನ ಪಟ್ಟಿಯಲ್ಲೂ ಇರದು. ನೀವೇ ಹಿಡಿದು ಒಯ್ದರೆ ಬೇಯಿಸಿ ಕೊಟ್ಟಾರು. ಹೀಗಾಗಿ ಯಜಮಾನರ ಬತ್ತಳಿಕೆಯಲ್ಲಿ ಉಳಿದಿರುವುದು ಒಂದೇ ಬಾಣ: “ಸಿಕ್ಕಿತ್ತು. ಬಿಟ್ಟುಬಿಟ್ಟೆ.”

“ಯಾಕೆ ಬಿಟ್ರಿ?”

“ಕಣ್ಣು ನೋಡಿದೆ. ಮನಸ್ಸು ಬರಲಿಲ್ಲ.”

“ನೀವು ಬಿಟ್ಟದ್ದೆಲ್ಲ ಅಲ್ಲೇ ಇದ್ದರೆ ಆ ಕೆರೆಯಲ್ಲಿ ನೀರಿಗೆಲ್ಲಿ ಜಾಗ?” ಎನ್ನುತ್ತಾ ಹೆಂಡತಿ ಆಲೂಗಡ್ಡೆ ಹೆಚ್ಚತೊಡಗುತ್ತಾರೆ. ಆಕೆ ಆಲೂಗಡ್ಡೆ ತೊಳೆದಿಟ್ಟದ್ದು ಇವರು ಮನೆ ಬಿಟ್ಟ ಗಳಿಗೆಯಲ್ಲೇ.

ಕಾನೂನಿನಲ್ಲಿ ಒಂದು ಕಂಡಿ ಮಾತ್ರ ಉಂಟು. ದುಡ್ಡಿಗೆ ಸಿಗದ ಟ್ರೌಟ್ ದಾನವಾಗಿ ಸಿಗಬಹುದು. ಮೊನ್ನೆ ಸಂಜೆ ಪಕ್ಕದ ಗೂಟದವರು ಕರುಣೆಯಿಂದ ಒಂದನ್ನು ಮುಂದೆ ಹಿಡಿದರು: “ತಗೊಳ್ಳಿ, ನಮ್ಮ ಮನೇಲಿ ತಿನ್ನೋರಿಲ್ಲ.” ಯಜಮಾನರು ಛೆ ಛೆ ಎಂದರು, ಬೇಡವೆಂದರು, ತಮ್ಮ ತತ್ತ್ವವೇ ಬೇರೆ ಎಂದು ಸವಿಸ್ತಾರವಾಗಿ ವಿವರಿಸಿದರು. ಆಮೇಲೆ ಚೀಲದ ಬಾಯಿ ಬಿಚ್ಚುತ್ತಾ ದನಿ ತಗ್ಗಿಸಿದರು:

“ನಿಮ್ಮ ಮನೆಯವರು ನಮ್ಮ ಮನೆಯವರ ಜೊತೆ ಮಾತಾಡ್ತಾರಾ?”