ಏಳು ತಂತಿಯ ಊರಿನಲ್ಲಿ ಮೆಟಲ್

ಟಿ. ನರಸೀಪುರದ ಹಿರಿಯರು ಏನು ಬೇಕಾದರೂ ಸಹಿಸಿಯಾರು, ಮೊಮ್ಮಗನ ಮೊಬೈಲಿನಿಂದ ಹೊರಡುವ ಮೆಟಲ್ ಸಂಗೀತವನ್ನು ಮಾತ್ರ ಸಹಿಸರು. "ಅದ್ಯಾವನ್ಲಾ ಹಂಗೆ ಅರಚ್ಕೊಳ್ಳೋನು? ಹೊಟ್ಟೆನೋವಾ?" ಎಂಬುದು ಮೊದಲ ತಕರಾರು. "ಈ ಹಾಡು ಮುಗಿಯೋದ್ಯಾವಾಗ?" ಎಂಬುದು ಎರಡನೆಯದು. ಗಿಟಾರಿಗೆ ಏಳು ತಂತಿ ಅಂತ ಗೊತ್ತಾದರೆ ಮೂರನೆಯದೂ ರೆಡಿ: "ಯಾಕ್ಲಾ, ಆರು ಸಾಲ್ದಾಗಿತ್ತಾ?"

ಮೂರನೆಯದನ್ನೇ ಮೊದಲು ವಿಚಾರಿಸಿಕೊಳ್ಳೋಣ. ಸ್ವಾಮಿ, ಹೊಳೆಯಾಚೆಯ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಮಾಡಿದ್ದೇನು? ಮೈಕಿಲ್ಲದ ಕಾಲ, ಹಿಂದೆ ಕೂತವರಿಗೆ ನಾದ ಮುಟ್ಟುತ್ತಿಲ್ಲ ಎಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರು. ಕೆಳಸ್ಥಾಯಿಯ ತಂತಿಗಳು ಜೊತೆಗೂಡಿ ನಾದ ದಪ್ಪವಾಯಿತು, ಸಭೆ ತುಂಬಿತು. ಅಮೆರಿಕದ ಸ್ಟೀವ್ ವಾಯ್ ಏಳು ತಂತಿಯ ಗಿಟಾರನ್ನು ರಾಕ್ ಲೋಕಕ್ಕೆ ಒಗ್ಗಿಸಿದ್ದು 1990ರ ಸುಮಾರಿಗೆ. ದಶಕಗಳ ಹಿಂದೆಯೇ ಸೌಂಡು ಜಾಸ್ತಿ ಮಾಡಿದ ಊರಿನವರು ಈಗ "ಸೌಂಡು ಕಮ್ಮಿ ಮಾಡ್ಲಾ" ಅನ್ನುತ್ತಾರೆ!

ಇನ್ನು ಉದ್ದದ ಮಾತು. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆಗೆ ಕೂತರೆ ಕೋಳಿ ಕೂಗಬೇಕು ಏಳಬೇಕಾದರೆ. ಆಗ ಯಾರೂ ಗಡಿಯಾರ ನೋಡುವುದಿಲ್ಲ. ಮೆಟಲ್ ತಂಡವಾದ ಡ್ರೀಮ್ ಥಿಯೇಟರ್‌ನವರು 2025ರ 'ಪ್ಯಾರಾಸಾಮ್ನಿಯಾ'ದಲ್ಲಿ ಕೊನೆಯ ಹಾಡನ್ನು 19 ನಿಮಿಷ ದಾಟಿಸಿದರೆ ಮಾತ್ರ ಉದ್ದವಾಯಿತಂತೆ. ನಿದ್ದೆಯಲ್ಲಿ ಬಂದು ಕಾಡುವ ಸಂಕಟಗಳ ಆಲ್ಬಮ್ ಅದು. ನಮ್ಮ ಕಡೆ ಒಂದು ತಾಯತ ಕಟ್ಟಿ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರು, ಒಪ್ಪಿದೆ. 2010ರಲ್ಲಿ ಬಿಟ್ಟುಹೋಗಿದ್ದ ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ ಮರಳಿ ಬಂದ ಖುಷಿಗೋ ಏನೋ, ಎಲ್ಲರೂ ಕೈಚಳಕ ತೋರಿಸಿದ್ದೇ ತೋರಿಸಿದ್ದು.

ಅರಚುವವನ ಸಮಾಚಾರಕ್ಕೆ ನಂಜನಗೂಡಿಗೆ ಬನ್ನಿ. ಅಲ್ಲಿ ಕೋರ್ಟಿನ ಮುಂದೆ ಫೈಲು ಹಿಡಿದು ನಿಂತ ಅಣ್ಣತಮ್ಮಂದಿರಿಗೆ ಸ್ವೀಡನ್ನಿನ ಒಪೆತ್ ತಂಡದ 'ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್' (2024) ಕೇಳಿಸಬೇಕು. ಮೊದಲ ಮಹಾಯುದ್ಧ ಮುಗಿದ ಕಾಲ, ಸಾಹುಕಾರನೊಬ್ಬ ಸತ್ತಿದ್ದಾನೆ, ಮಕ್ಕಳ ಮುಂದೆ ಅವನ ಉಯಿಲು ಓದುತ್ತಾರೆ, ಮನೆಯ ಗುಟ್ಟೆಲ್ಲ ಹೊರಬೀಳುತ್ತದೆ. ಏಳು ಹಾಡಿಗೆ ಹೆಸರೇ ಇಲ್ಲ, ಉಯಿಲಿನ ಕಲಮುಗಳ ಹಾಗೆ ಬರೀ ನಂಬರು. ನಡುವೆ ರಾಕ್ ತಂಡ ಜೆತ್ರೋ ಟಲ್‌ನ ಇಯಾನ್ ಆಂಡರ್ಸನ್ ಕೊಳಲು ಬೇರೆ. ಆ ಗುಡುಗುವ ಗಂಟಲಿದೆಯಲ್ಲ, ಅದು ಸತ್ತ ಯಜಮಾನನದು. ಆಸ್ತಿ ಪಾಲಿನ ದಿನ ನಮ್ಮ ಮನೆಗಳಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದ್ದುಂಟೇ?

"ಸಿಂಫನಿ ಗಿಂಫನಿ ನಮಗ್ಯಾಕೆ" ಅನ್ನುವವರು ಜಯಚಾಮರಾಜ ಒಡೆಯರನ್ನು ನೆನೆಯಲಿ. ಪಾಶ್ಚಾತ್ಯ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಮೊಳಗಿದ್ದು ನಮ್ಮ ಮಹಾರಾಜರ ದುಡ್ಡಿನಲ್ಲಿ. ಆ ಲೆಕ್ಕದಲ್ಲಿ ಸಿಂಫನಿ ಬೆರೆಸಿದ ಮೆಟಲ್ ನುಡಿಸುವ ಫಿನ್ಲೆಂಡಿನ ನೈಟ್‌ವಿಶ್ ನಮಗೆ ದೂರದ ನೆಂಟರು. ಅವರ 2024ರ 'ಯೆಸ್ಟರ್‌ವಿಂಡ್' ಮಾತ್ರ ಬೀಗರೂಟದ ಹಾಗೆ: ಸಾಕು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಒಂದು ಹೋಳಿಗೆ ಜಾರಿಸುತ್ತಾರೆ. ಗಾಯಕಿ ಫ್ಲೋರ್ ಯಾನ್ಸೆನ್ ಕಂಠಕ್ಕಾಗಿ ಉಂಡೆ.

ಹುಡುಗರನ್ನೇನೂ ಬಿಡುವಂತಿಲ್ಲ. ನಂಜನಗೂಡಿನ ದೊಡ್ಡಜಾತ್ರೆಯ ಬಿಸಿಲಿನಲ್ಲಿ, ಐದು ತೇರು ಎಳೆಯುವ ಜನರ ನಡುವೆ, ಕಪ್ಪು ಟೀಶರ್ಟು ತೊಟ್ಟು ಬೆವರುತ್ತಾ ನಿಂತಿರುತ್ತವೆ. "ಅಂಕಲ್, ಇದು ಸೆವೆನ್ ಬೈ ಏಟ್, ಎಣಿಸಕ್ಕೆ ಕಷ್ಟ" ಅಂತ ಪಾಠ ಬೇರೆ. ಮಿಶ್ರಛಾಪು ಕಣಪ್ಪ ಅದು! ನಿಮ್ಮಜ್ಜಿ ಹೂ ಕಟ್ಟುತ್ತಲೇ ತಾಳ ಹಾಕಿಯಾಳು.

ಹಿರಿಯರು, ಹುಡುಗರು ಇಬ್ಬರನ್ನೂ ಒಂದೇ ಜಗುಲಿಯಲ್ಲಿ ಕೂರಿಸುವ ತಾಕತ್ತು ಬೆಂಗಳೂರಿನ ಅಗಮ್ ತಂಡಕ್ಕಿದೆ. ಕರ್ನಾಟಕ ಸಂಗೀತವನ್ನು ಗಿಟಾರು, ಡ್ರಮ್ಮುಗಳ ಮೇಲೆ ಏರಿಸಿ 2012ರಲ್ಲಿ ಮೊದಲ ಆಲ್ಬಮ್ ತಂದವರು, 2025ರಲ್ಲಿ 'ಅರೈವಲ್ ಆಫ್ ದಿ ಎಥೀರಿಯಲ್' ತಂದರು. ನೆಮ್ಮದಿಯ ಮನೆಗಳು ಇದನ್ನೇ ಹಾಕಿಕೊಳ್ಳಿ. ಪಾಲು ಪಾರಿಕತ್ತು ಬಾಕಿಯಿರುವ ಮನೆಗಳಿಗೆ ಒಪೆತ್ತೇ ಸರಿ.