ಕ್ಯಾರವಾನ್ ರಾಯರು

ಮಗಳ ಬಾಣಂತನಕ್ಕೆಂದು ಹೆಂಡತಿಯ ಬೆನ್ನಿಗೆ ಆಸ್ಟ್ರೇಲಿಯಾಕ್ಕೆ ಹೋಗಿಬರುವ ನಿವೃತ್ತ ಗಂಡಸರಲ್ಲಿ ಮೂರು ಬಗೆ. ಒಂದು ಬಗೆಯವರು ಅಲ್ಲಿನ ರಸ್ತೆ ಹೊಗಳುತ್ತ ಇಲ್ಲಿನ ಕಸದ ಗಾಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಇನ್ನೊಂದು ಬಗೆಯವರು ಅಳಿಯ ಕೊಡಿಸಿದ ಜಾಕೆಟ್ಟನ್ನು ಏಪ್ರಿಲ್‌ನಲ್ಲೂ ಬಿಚ್ಚುವುದಿಲ್ಲ. ಇವೆರಡೂ ನಿರುಪದ್ರವಿ. ಮೂರನೆಯವರು ಅಲ್ಲಿ ಕ್ಯಾರವಾನ್ ನೋಡಿ ಬಂದವರು. ಅವರ ಸಂಬಂಧಿಕರನ್ನು ದೇವರೇ ಕಾಪಾಡಬೇಕು.

ನಮ್ಮ ಸೋದರಮಾವ ರಾಯರು ಈ ಮೂರನೆಯವರು. ಅಲ್ಲಿ ಕೆಲಸ ಬಿಟ್ಟ ಗಂಡಹೆಂಡಿರು ಮನೆಗೆ ಬೀಗ ಜಡಿದು, ಕಾರಿನ ಹಿಂದೆ ಇನ್ನೊಂದು ಪುಟ್ಟ ಮನೆ ಕಟ್ಟಿಕೊಂಡು ತಿಂಗಳುಗಟ್ಟಲೆ ದೇಶ ಸುತ್ತುತ್ತಾರಂತೆ. ಅಂಥವರಿಗೆ ‘ಗ್ರೇ ನೋಮ್ಯಾಡ್ಸ್’ ಎಂಬ ಹೆಸರೇ ಬಿದ್ದಿದೆ. ಐರ್ ಹೆದ್ದಾರಿಯಲ್ಲಿ 146 ಕಿಲೋಮೀಟರ್ ಉದ್ದಕ್ಕೂ ಒಂದೇ ಒಂದು ತಿರುವಿಲ್ಲ. “ಒಂದು ನರಪಿಳ್ಳೆ ಕಾಣಲ್ಲ ಕಣೋ, ಎಂಥಾ ನೆಮ್ಮದಿ!” ಎಂದು ರಾಯರು ಮದುವೆಮನೆಗಳಲ್ಲಿ ನೂರಾರು ಜನರ ಮಧ್ಯೆ ಕೂತು ಹೇಳುತ್ತಿದ್ದರು.

ನರಪಿಳ್ಳೆ ಇಲ್ಲದ ಜಾಗ ಕರ್ನಾಟಕದಲ್ಲಿ ಎಲ್ಲಿದೆ ಎಂದು ನಕಾಶೆ ಹರಡಿಕೊಂಡು ಹುಡುಕಿದಾಗ ಅವರ ಬೆರಳು ನಿಂತದ್ದು ಚಿತ್ರದುರ್ಗ ಜಿಲ್ಲೆಯ ಮೇಲೆ. ಮಳೆ ಕಡಿಮೆ, ಬಂಡೆ ಜಾಸ್ತಿ, ಕುರಿ ಬೇಕಾದಷ್ಟು, ಗುಡ್ಡದ ಮೇಲೆ ಗಾಳಿಯಂತ್ರ. “ಕಾಂಗರೂ ಒಂದು ಕಮ್ಮಿ, ಅಷ್ಟೆ” ಎಂದರು.

ಹಳೇ ಟೆಂಪೋ ಟ್ರಾವೆಲರ್ ಒಂದು ಗ್ಯಾರೇಜಿಗೆ ಹೋಗಿ ಮನೆಯಾಗಿ ಹೊರಬಂತು. ಮಂಚ, ಒಲೆ, ಎಂಬತ್ತು ಲೀಟರ್ ನೀರಿನ ಟ್ಯಾಂಕು, ನೆತ್ತಿಯ ಮೇಲೆ ಸೋಲಾರ್ ಹಲಗೆ, ಬೀರುವಿನಷ್ಟಗಲದ ಶೌಚಾಲಯ. ರಾಯರು ನಿವೃತ್ತ ಎಂಜಿನಿಯರು. ವಸ್ತು ಕೆಡಬಾರದೆಂದರೆ ಅದನ್ನು ಬಳಸಬಾರದು ಎಂಬುದು ಅವರ ವೃತ್ತಿಜೀವನದ ಸಾರ. ಹಾಗಾಗಿ ಗಾಡಿಯೊಳಗೆ ಒಲೆ ಹಚ್ಚುವ ಹಾಗಿಲ್ಲ, ಎಣ್ಣೆಜಿಡ್ಡು ಹಿಡಿಯುತ್ತದೆ. ಮಂಚದ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಹಾಗಿಲ್ಲ. ಶೌಚಾಲಯವಂತೂ ‘ತೀರಾ ತುರ್ತಿಗೆ ಮಾತ್ರ’. ಯಾವುದು ತುರ್ತು ಎಂದು ತೀರ್ಮಾನಿಸುವವರು ರಾಯರೇ. ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕ್ ಕಂಡಾಗಲೆಲ್ಲ ಅತ್ತೆ “ನಿಲ್ಲಿಸೋ” ಎನ್ನುತ್ತಿದ್ದರು. ಡ್ರೈವರ್ ಆಗಿ ಸಿಕ್ಕಿಬಿದ್ದಿದ್ದ ನಾನು ನಿಲ್ಲಿಸುತ್ತಿದ್ದೆ.

ಹಿರಿಯೂರಿನಲ್ಲಿ ಗಾಡಿ ನಿಂತು ಐದು ನಿಮಿಷವಾಗಿರಲಿಲ್ಲ, ಅಜ್ಜಿಯೊಬ್ಬರು ಮೆಟ್ಟಿಲು ಹತ್ತಿ ಒಳಗೆ ಬಂದು, ಪ್ಲಾಸ್ಟಿಕ್ ಮಂಚದ ಮೇಲೆ ಕೂತು ತೋಳು ಚಾಚಿದರು. ಬಿಳಿ ಬಣ್ಣ, ಕಿಟಕಿಗೆ ಪರದೆ, ಒಳಗೆ ಮಂಚ, ಪಕ್ಕದಲ್ಲಿ ಕನ್ನಡಕದ ಹಿರಿಯರು: ಸಂಚಾರಿ ಆಸ್ಪತ್ರೆಯಲ್ಲದೆ ಇನ್ನೇನು? ಇದು ಮನೆ ಎಂದು ರಾಯರು ಮೂರು ಥರ ವಿವರಿಸಿದರು. “ಮನೆ ಅಂದ್ಮೇಲೆ ಬಂದೋರಿಗೆ ಒಂದು ಲೋಟ ನೀರಾದ್ರೂ ಕೊಡಪ್ಪ” ಎಂದರು ಅಜ್ಜಿ. ಅಷ್ಟರಲ್ಲಿ ಬಾಗಿಲಾಚೆ ಸಾಲು ನಿಂತಿತ್ತು.

ಅಲ್ಲಿಂದ ತಪ್ಪಿಸಿಕೊಂಡು ಮಾರಿಕಣಿವೆಗೆ ಹೋದೆವು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿ, ಆಮೇಲೆ 2025ರಲ್ಲಿ ಇನ್ನೊಮ್ಮೆ ತುಂಬಿ ಹರಿದ ಕೆರೆ. ಮೂವತ್ತು ಟಿಎಂಸಿ ಹಿಡಿಸುವ ಆ ನೀರಿನ ದಂಡೆಯಲ್ಲಿ ನಿಂತು ರಾಯರು, ಅಜ್ಜಿಯ ಸಾಲಿಗೆ ಟ್ಯಾಂಕಿನಿಂದ ಎಷ್ಟು ಲೀಟರ್ ಖರ್ಚಾಯಿತೆಂದು ಲೆಕ್ಕ ಹಾಕುತ್ತಿದ್ದರು.

ಹೊಸದುರ್ಗದ ಕಡೆ ರಸ್ತೆ ಕಿರಿದಾಗಿ, ತೆಂಗಿನ ತೋಟ, ದಾಳಿಂಬೆ ತೋಟ ಶುರುವಾದವು. ನಿರ್ಜನ ಜಾಗವೊಂದು ಕೊನೆಗೂ ಸಿಕ್ಕಿತೆಂದು ರಾಯರು ಕ್ಯಾನ್ವಾಸ್ ಕುರ್ಚಿ ಬಿಡಿಸಿ ಕೂತರು. ಅದು ಯಾರದೋ ತೋಟದ ಬದು. ಬೈಕೊಂದು ಬಂತು. “ಯಾವೂರ್ ಸಾರ್? ಯಾರ ಪೈಕಿ?” ಈ ಪ್ರಶ್ನೆಗೆ ಆಸ್ಟ್ರೇಲಿಯಾದ ಯಾವ ಕ್ಯಾರವಾನ್ ಕೈಪಿಡಿಯಲ್ಲೂ ಉತ್ತರವಿಲ್ಲ. ಅತ್ತೆ ಮಾತ್ರ ತಡಬಡಾಯಿಸಲಿಲ್ಲ. ತವರು, ಅಜ್ಜಿಯ ಊರು, ಅಜ್ಜಿಯ ತಂಗಿಯನ್ನು ಕೊಟ್ಟ ಊರು ಎಂದು ಒಂದೊಂದೇ ಬಿಚ್ಚುತ್ತ ಹೋಗಿ, ಆ ಬೈಕಿನವನ ದೊಡ್ಡಪ್ಪ ಮೇಷ್ಟ್ರಾಗಿದ್ದ ಶಾಲೆಯಲ್ಲೇ ತನ್ನ ಅಣ್ಣ ಓದಿದ್ದು ಎಂಬಲ್ಲಿಗೆ ತಂದು ನಿಲ್ಲಿಸಿದರು. ಊಟ ಅವರ ಮನೆಯಲ್ಲೇ ಆಯಿತು. ಮುದ್ದೆ, ಅವರೆಕಾಳು ಸಾರು. ರಾತ್ರಿ ಮಲಗಿದ್ದೂ ಅವರ ಪಡಸಾಲೆಯಲ್ಲೇ. ಗಾಡಿಯ ಮಂಚದ ಪ್ಲಾಸ್ಟಿಕ್ಕಿಗೆ ಧಕ್ಕೆ ಬರಲಿಲ್ಲವೆಂದು ರಾಯರಿಗೂ ಒಳಗೊಳಗೇ ಸಮಾಧಾನ.

ಮರುದಿನ ಸಾಣೇಹಳ್ಳಿಯಲ್ಲಿ ಹುಡುಗರು ಗಾಡಿಯ ಹಿಂಬಾಗಿಲು ತೆಗೆಸಿ ಇಣುಕಿದರು. “ಸೆಟ್ಟು, ಲೈಟು ಎಲ್ಲಿ ಸಾರ್?” ಅವರ ತಪ್ಪಲ್ಲ. 1997ರಿಂದ ಆ ಊರಿನ ಶಿವಸಂಚಾರ ತಂಡ ವರ್ಷವರ್ಷ ನಾಟಕ ಹೊತ್ತು ನಾಡೆಲ್ಲ ತಿರುಗುತ್ತಿದೆ. ಗಾಡಿಯಲ್ಲಿ ಊರೂರು ಸುತ್ತುವವರು ಸುಮ್ಮನೆ ಸುತ್ತುವುದಿಲ್ಲ, ಇಳಿದು ಏನಾದರೂ ಆಡಿ ತೋರಿಸಿ ಹೋಗುತ್ತಾರೆ ಎಂಬುದು ಅಲ್ಲಿಯವರ ಅನುಭವ. “ನಾವು ನೋಡೋಕ್ ಬಂದಿರೋದು” ಎಂದರು ರಾಯರು. “ಹಂಗಾದ್ರೆ ಇಷ್ಟು ದೊಡ್ಡ ಗಾಡಿ ಯಾಕ್ ಸಾರ್?” ಎಂದನೊಬ್ಬ.

ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಇಂಥ ಪ್ರಶ್ನೆಗಳೇನೂ ಏಳಲಿಲ್ಲ. ಅಲ್ಲಿ ಗಾಡಿ ನಿಂತರೆ ಅದಕ್ಕೆ ಪೂಜೆ ಎಂದೇ ಅರ್ಥ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಬಂದವು. ಸೋಲಾರ್ ಹಲಗೆಗೆ ಕುಂಕುಮ ಹಚ್ಚಿದರೆ ಕರೆಂಟು ಕಮ್ಮಿಯಾಗುತ್ತದೆ ಎಂದು ರಾಯರು ವಾದಕ್ಕೆ ನಿಂತಾಗ, ಮೇಲೆ ಸೂರಿಲ್ಲದೆ ಬಿಸಿಲು ಮಳೆಗೆ ಕೂತ ಆ ದೊಡ್ಡ ವಿಗ್ರಹವನ್ನು ತೋರಿಸಿ ಅತ್ತೆ ಹೇಳಿದರು: “ಅವನೇ ಬಯಲಲ್ಲಿ ಕೂತಿದಾನೆ. ನಿಮಗೆ ಮನೆ ಬಿಟ್ಟುಬಂದರೂ ಮನೆ ಬೇಕು!”

ಚಿತ್ರದುರ್ಗದ ಕೋಟೆಯ ಬಳಿಗೆ ಬರುವಷ್ಟರಲ್ಲಿ ಗಾಡಿಯ ಹಿಂದೆ ಹುಡುಗರ ದಂಡೇ ಇತ್ತು. ಕ್ಯಾರವಾನ್ ಎಂದರೆ ಒಳಗೆ ಹೀರೋ ಇರಲೇಬೇಕು. 1972ರ ‘ನಾಗರಹಾವು’ ಕಾಲದಿಂದ ಶೂಟಿಂಗ್ ಕಂಡ ಊರು ಅದು. ಬಾಗಿಲು ತೆರೆಯಿತು. ಚಡ್ಡಿ, ಟೋಪಿ, ಮೊಣಕಾಲು ಪಟ್ಟಿ ಸಮೇತ ರಾಯರು ಇಳಿದರು. ಒಂದು ಕ್ಷಣ ಮೌನ. “ಚಾಮಯ್ಯ ಮೇಷ್ಟ್ರ ಪಾರ್ಟ್ ಇರ್ಬೇಕು ಬಿಡ್ರೋ” ಎಂದು ಒಬ್ಬ ಎಲ್ಲರನ್ನೂ ಸಮಾಧಾನಪಡಿಸಿದ.

ಓಬವ್ವನ ಕಿಂಡಿಯ ಮುಂದೆ ಮಾತ್ರ ರಾಯರ ಬುದ್ಧಿ ಬೆಳಗಿತು. ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಹೋದ, ಆ ಹೊತ್ತಿಗೇ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರಿದರು ಎಂಬ ಕಥೆಯನ್ನು ಗೈಡ್ ಹೇಳುತ್ತಿದ್ದಂತೆ ಇವರು ತಡೆದರು. “ನೋಡು, ಬತೇರಿ ಮೇಲೆ ನಮ್ಮ ಥರ ಒಂದು ಅಡುಗೆ ಗಾಡಿ ಇದ್ದಿದ್ರೆ ಅವನು ಊಟಕ್ಕೆ ಮನೆಗೆ ಹೋಗ್ತಾನೇ ಇರಲಿಲ್ಲ!”

“ಹೋಗದೇ ಇದ್ದಿದ್ರೆ ಓಬವ್ವ ನೀರು ತರೋಕೆ ಬರ್ತಿರಲಿಲ್ಲ. ಒನಕೇನೂ ಇಲ್ಲ, ಕಥೇನೂ ಇಲ್ಲ. ನಾವು ಇಲ್ಲಿ ನಿಂತು ಬಂಡೆ ನೋಡ್ಕೊಂಡು ಹೋಗ್ಬೇಕಿತ್ತು” ಎಂದರು ಅತ್ತೆ. ಗೈಡ್ ಇಷ್ಟು ವರ್ಷ ಹೇಳಿದ ಕಥೆಗೆ ಇಂಥ ವ್ಯಾಖ್ಯಾನ ಕೇಳಿರಲಿಲ್ಲ. ನಮ್ಮಿಂದ ಹತ್ತು ರೂಪಾಯಿ ಕಮ್ಮಿ ತೆಗೆದುಕೊಂಡ.

ಬೆಂಗಳೂರಿಗೆ ವಾಪಸು ಹೊರಟಾಗ ಒಲೆ ಹಚ್ಚಿರಲಿಲ್ಲ, ಮಂಚದ ಪ್ಲಾಸ್ಟಿಕ್ ತೆಗೆದಿರಲಿಲ್ಲ. ಶೌಚಾಲಯ ಮಾತ್ರ ಬಳಕೆಗೆ ಬಂದಿತ್ತು: ಹೊಸದುರ್ಗದವರು ಒತ್ತಾಯ ಮಾಡಿ ತುಂಬಿದ ತೆಂಗಿನಕಾಯಿ ನೆಲದಿಂದ ಸೂರಿನವರೆಗೆ, ಮೇಲೊಂದು ಚೀಲ ದಾಳಿಂಬೆ. ಈಗ ಪಾರ್ಕಿನಲ್ಲಿ ರಾಯರು, ಚಿತ್ರದುರ್ಗ ಸೀಮೆ ಚೆನ್ನ, ಆದರೆ ನಿರ್ಜನತೆ ಸಾಲದು ಎಂದು ದೂರುತ್ತಾರೆ. ಆದರೂ ಮುಂದಿನ ಸಲವೂ ಅಲ್ಲಿಗೇ ಹೋಗುವುದಂತೆ. ಗ್ಯಾರೇಜಿನವನಿಗೆ ಆಗಲೇ ಹೇಳಿಯಾಗಿದೆ: ಒಲೆಯನ್ನೂ ಕಿತ್ತು ಹಾಕಿದರೆ ಇನ್ನೂರು ಕಾಯಿ ಹೆಚ್ಚಿಗೆ ಹಿಡಿಸಬಹುದು.