ಹಸಿರಿಗೊಂದು, ಹೊನ್ನಿಗೊಂದು

ಗಡುವು ಇಟ್ಟುಕೊಂಡು ಗ್ರಂಥ ಮುಗಿಸಿದವರಲ್ಲಿ ಪರೀಕ್ಷಿತ ಮಹಾರಾಜನಷ್ಟು ಇಕ್ಕಟ್ಟಿಗೆ ಸಿಕ್ಕಿಕೊಂಡವರು ಬೇರೆ ಯಾರೂ ಇರಲಾರರು. ಕೈಯಲ್ಲಿದ್ದದ್ದು ಏಳು ದಿನ. ಮುಗಿಸಬೇಕಾದ್ದು 12 ಸ್ಕಂಧ, ಸಂಪ್ರದಾಯದ ಲೆಕ್ಕದಲ್ಲಿ 18,000 ಶ್ಲೋಕ. ಇನ್ನೊಂದು ವಾರ ಮುಂದಕ್ಕೆ ಹಾಕೋಣವೆಂದರೆ ತಕ್ಷಕ ಕೇಳುವವನಲ್ಲ. ಹಾಗಿದ್ದೂ ರಾಜ ಪೂರ್ತಿ ಮುಗಿಸಿದ. ನಮ್ಮ ಓದುಗರ ಬಳಗದ ಗಣಿತದ ಮೇಷ್ಟ್ರು ಮಾತ್ರ ಇದನ್ನು ಒಪ್ಪುವುದಿಲ್ಲ. "ಅವನೆಲ್ಲಿ ಓದಿದ ಸ್ವಾಮಿ? ಶುಕಮುನಿ ಹೇಳಿದ, ಇವನು ಕೇಳಿದ. ಅದು ಆಡಿಯೋ ಬುಕ್ಕು. ಲೆಕ್ಕಕ್ಕಿಲ್ಲ."

ಲೆಕ್ಕಕ್ಕಿದೆಯೋ ಇಲ್ಲವೋ, ಅವತ್ತಿನಿಂದ ಭಾಗವತಕ್ಕೆ ಸಪ್ತಾಹ ಅಂಟಿಕೊಂಡಿತು. ರಾಮಾಯಣಕ್ಕೆ ನವಾಹ, ಗಾಣಗಾಪುರದ ಕಡೆಯವರಿಗೆ ಗುರುಚರಿತ್ರೆಯ ಪಾರಾಯಣ. ಈಗಿನ ಮಕ್ಕಳು ‘ರೀಡಿಂಗ್ ಚಾಲೆಂಜ್’ ಎಂದು ಹೊಸದಾಗಿ ಕಂಡುಹಿಡಿದವರಂತೆ ಹೇಳುವಾಗ ನನಗೆ ನೆನಪಾಗುವುದು ನಮ್ಮ ದೊಡ್ಡಪ್ಪ. ಶ್ರಾವಣದಲ್ಲಿ ಮಡಿಯುಟ್ಟು ಪಾರಾಯಣಕ್ಕೆ ಕೂತರೆಂದರೆ ಮುಗಿಯಿತು, ನಡುವೆ ಮಾತಿಲ್ಲ. ಇವತ್ತು ಇಲ್ಲಿಂದ ಇಲ್ಲಿಗೆ ಎಂದರೆ ಅಲ್ಲಿಗೇ. ಒಂದು ಶ್ಲೋಕ ಕಡಿಮೆಯಿಲ್ಲ, ಉತ್ಸಾಹ ಬಂತೆಂದು ಒಂದು ಹೆಚ್ಚೂ ಇಲ್ಲ. ಬೀದಿ ಬಾಗಿಲಿಗೆ ಯಾರಾದರೂ ಬಂದರೆ ಹುಬ್ಬಿನಲ್ಲೇ ‘ಯಾರು’ ಎಂದು ಕೇಳಿ, ಕೈಯಲ್ಲೇ ‘ಆಮೇಲೆ ಬಾ ಅನ್ನು’ ಎಂದು ಹೇಳುತ್ತಿದ್ದರು, ನಾಲಿಗೆ ಶ್ಲೋಕ ಬಿಡುತ್ತಿರಲಿಲ್ಲ. ಕಡೆಯ ದಿನ ಮಂಗಳ. ಅಡುಗೆಮನೆಯಲ್ಲಿ ಒರಳಿನಲ್ಲಿ ಹೂರಣ ರುಬ್ಬುವ ಸದ್ದು ಕೇಳಿಸತೊಡಗಿದರೆ ಶ್ಲೋಕಗಳ ವೇಗ ಸಣ್ಣಗೆ ಏರುತ್ತಿತ್ತೆಂದು ದೊಡ್ಡಮ್ಮ ಹೇಳುತ್ತಿದ್ದರು. ಅಮೆರಿಕದ ಪಿಜ್ಜಾ ಹಟ್ ಕಂಪನಿ 1984ರಲ್ಲಿ ‘ಬುಕ್ ಇಟ್’ ಎಂಬ ಯೋಜನೆ ಶುರುಮಾಡಿ, ಓದಿನ ಗುರಿ ಮುಟ್ಟಿದ ಶಾಲಾ ಮಕ್ಕಳಿಗೆ ಪುಟ್ಟದೊಂದು ಪಿಜ್ಜಾ ಕೊಟ್ಟಿತಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ಹೋಳಿಗೆಯಿಂದ ಆಗುವ ಕೆಲಸ ಪಿಜ್ಜಾದಿಂದಲೂ ಆಗುತ್ತದೆ.

ಈಗಿನ ಚಾಲೆಂಜುಗಳಲ್ಲಿ ಎರಡು ಜಾತಿ. ಒಂದು, ಸಂಖ್ಯೆಯದು. ಬ್ರಿಟನ್ನಿನ ಗ್ರಂಥಾಲಯಗಳಲ್ಲಿ 1999ರಿಂದ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಆರು ಪುಸ್ತಕ ಓದುವ ಸವಾಲು ನಡೆಯುತ್ತಿದೆ. ಗುಡ್‌ರೀಡ್ಸ್‌ನವರು 2011ರಿಂದ ದೊಡ್ಡವರಿಗೂ ಇದನ್ನು ಹಚ್ಚಿದರು: ಜನವರಿಯಲ್ಲಿ ಈ ವರ್ಷ ಇಷ್ಟು ಪುಸ್ತಕ ಎಂದು ಬರೆದುಕೊಳ್ಳುವುದು, ಓದಿದ ಹಾಗೆಲ್ಲ ಗುರುತು ಹಾಕುವುದು. ಮಕ್ಕಳ ವಿಷಯಕ್ಕೆ ನನ್ನ ತಕರಾರಿಲ್ಲ. ದೊಡ್ಡವರ ಪಾಡು ಬೇರೆ. ಏಪ್ರಿಲ್ ದಾಟುವುದರೊಳಗೆ ಫೋನಿನಲ್ಲಿ ‘ನೀವು ಹಿಂದೆ ಬಿದ್ದಿದ್ದೀರಿ’ ಎಂಬ ಸೂಚನೆ, ಮನೆ ಸಾಲದ ಕಂತು ತಪ್ಪಿದವರಿಗೆ ಬರುವ ಸಂದೇಶದಷ್ಟೇ ವಿನಯದಲ್ಲಿ. ಡಿಸೆಂಬರ್ ಬಂತೆಂದರೆ ಓದುಗರೆಲ್ಲ ಪುಸ್ತಕದ ಬೆನ್ನು ನೋಡಿ ಆರಿಸತೊಡಗುತ್ತಾರೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಳ್ಳೆಯ ಕಾದಂಬರಿ, ಸರಿ. ಆದರೆ ವರ್ಷದ ಕೊನೆಯ ವಾರದಲ್ಲೇ ಅಷ್ಟೊಂದು ಜನರಿಗೆ ಅದರ ಮೇಲೆ ಪ್ರೀತಿ ಉಕ್ಕುವುದಕ್ಕೆ ಸಾಹಿತ್ಯಿಕ ಕಾರಣ ಮಾತ್ರ ಇರಲಾರದು. ಸಂಖ್ಯೆಯ ಮುಂದೆ ತೆಳ್ಳಗಿನದೂ ಒಂದು, ದಪ್ಪನೆಯದೂ ಒಂದು. ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳನ್ನು ದಿನಕ್ಕೊಂದರಂತೆ, ಓದಬೇಕಾದ ಹಾಗೆ ಓದಿದರೆ ಎರಡೂವರೆ ವರ್ಷ ಮೀರುತ್ತದೆ. ಪಾಪ, ಅದು ಯಾವ ವರ್ಷದ ಲೆಕ್ಕಕ್ಕೆ?

ಎರಡನೆಯ ಜಾತಿ ಪಟ್ಟಿಯದು. ಇದರಲ್ಲಿ ಎಷ್ಟು ಎನ್ನುವುದಕ್ಕಿಂತ ಎಂಥದು ಎನ್ನುವುದು ಮುಖ್ಯ. ಅಮೆರಿಕದ ಬುಕ್ ರಯಟ್‌ನವರು 2015ರಲ್ಲಿ 24 ಬಾಬತ್ತಿನ ಪಟ್ಟಿಯೊಂದನ್ನು ಮಾಡಿ ಓದುಗರ ಮುಂದಿಟ್ಟರು; ಆಮೇಲೆ ಇಂಥ ಪಟ್ಟಿಗಳಿಗೆ ಬರವಿಲ್ಲ. ಹೆಸರಿನಲ್ಲಿ ಬಣ್ಣವಿರುವ ಪುಸ್ತಕ, ನೀವು ಹುಟ್ಟಿದ ವರ್ಷ ಬಂದ ಪುಸ್ತಕ, ಅನುವಾದಿತ ಪುಸ್ತಕ, ಗ್ರಂಥಾಲಯದಿಂದ ತಂದ ಪುಸ್ತಕ. ಕೇಳಿದರೆ ನಗು ಬರುತ್ತದೆ. ಬಣ್ಣ ನೋಡಿ ಆರಿಸಲು ಇದೇನು ಸೀರೆಯೇ ಎಂದು ನಮ್ಮ ಬ್ಯಾಂಕಿನ ರಾಯರು ಕೇಳಿದ್ದರು. ಆದರೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಇಂಥದೊಂದು ಪಟ್ಟಿ ಶುರುವಾದ ಮೇಲೆ ನಾನು ಕಂಡದ್ದು ಇಷ್ಟು: ನಿಯಮ ಎಷ್ಟು ಅರ್ಥವಿಲ್ಲದ್ದೋ ಓದು ಅಷ್ಟು ಹೊಸದು. ನಮ್ಮ ರುಚಿಯನ್ನು ನಂಬಿ ಹೊರಟರೆ ಅದು ಹೋದ ವರ್ಷದ ಅಂಗಡಿಗೇ, ಅದೇ ಕಪಾಟಿಗೇ ಕರೆದೊಯ್ಯುತ್ತದೆ.

ಬಳಗದ ತೀರ್ಪುಗಾರರು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು. ಬಣ್ಣದ ಬಾಬತ್ತಿಗೆ ನನ್ನ ಹೆಂಡತಿ ತ್ರಿವೇಣಿಯವರ ‘ಬೆಳ್ಳಿ ಮೋಡ’ ಹಿಡಿದುಕೊಂಡು ಹೋದಳು. ಬೆಳ್ಳಿ ಬಣ್ಣವೋ ಲೋಹವೋ ಎಂದು ಒಂದು ಸಂಜೆಯೆಲ್ಲ ವಾದ ನಡೆಯಿತು. ಮೋಡಕ್ಕೆ ಲೋಹ ಇರುವುದಿಲ್ಲವಾದ್ದರಿಂದ ಬಣ್ಣವೇ ಎಂದು ಮೇಡಂ ತೀರ್ಪು ಕೊಟ್ಟರು. ಬ್ಯಾಂಕಿನ ರಾಯರು ಇನ್ನೂ ಚಾಲಾಕಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ತಂದು, "ಹಸಿರಿಗೊಂದು, ಹೊನ್ನಿಗೊಂದು, ಎರಡು ಗುರುತು ಹಾಕಿ ಮೇಡಂ" ಎಂದರು. ಒಂದೇ ಸಿಕ್ಕಿತು.

ರಾಯರು ಜೀವಮಾನದಲ್ಲಿ ಪತ್ತೇದಾರಿ ಕಾದಂಬರಿ ಮತ್ತು ಪತ್ರಿಕೆಯ ಷೇರು ಪುಟ ಬಿಟ್ಟು ಬೇರೇನನ್ನೂ ಓದಿದವರಲ್ಲ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಸುತ್ತುವ, ನಗಿಸುತ್ತಲೇ ಗಿಡದ ವಂಶಾವಳಿ ಹೇಳಿಬಿಡುವ ಆ ಪುಸ್ತಕ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದೆಂದಾಗಲೀ, ಅದರ ಚಿತ್ರಗಳನ್ನು ಲೇಖಕರೇ ಬರೆದದ್ದೆಂದಾಗಲೀ, ಅವರು ಡಿ.ವಿ.ಜಿ.ಯವರ ಮಗನೆಂದಾಗಲೀ ರಾಯರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕಷ್ಟ ನಮಗೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್‌ನಲ್ಲಿ ಅವರು ಈಗ ಪ್ರತಿ ಮರದ ಬುಡದಲ್ಲೂ ನಿಲ್ಲುತ್ತಾರೆ. ಒಂದು ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಮೊದಲು ತಾವು ಮೂಸಿ, ಆಮೇಲೆ ಸರದಿಯಂತೆ ನಮ್ಮೆಲ್ಲರ ಮೂಗಿಗೆ ಹಿಡಿಯುತ್ತಾರೆ. "ಏನನ್ನಿಸುತ್ತೆ?" ಎಂದು ಕೇಳುತ್ತಾರೆ. ಎಲೆಯ ವಾಸನೆ ಬರುತ್ತದೆ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರೊಬ್ಬರು, ಇವರ ಜೊತೆ ನಡೆದರೆ ಬೆವರೇ ಬರುವುದಿಲ್ಲವೆಂದು ಬೇರೆ ಗುಂಪು ಸೇರಿಕೊಂಡಿದ್ದಾರೆ.

ಹುಟ್ಟಿದ ವರ್ಷದ ಬಾಬತ್ತು ಇನ್ನೂ ಮಜದ್ದು. ನಾನು 1965ರವನು. ಆ ವರ್ಷ ‘ವಂಶವೃಕ್ಷ’ವೂ ಬಂತು, ‘ಸಂಸ್ಕಾರ’ವೂ ಬಂತು. ಎರಡರಲ್ಲಿ ಯಾವುದು ತೆಳ್ಳಗಿದೆ ಎಂದು ನೋಡಿ ಅನಂತಮೂರ್ತಿಯವರನ್ನು ಆರಿಸಿದೆ. ನನ್ನ ಹೆಂಡತಿಗೆ 1968ರ ‘ಮೂಕಜ್ಜಿಯ ಕನಸುಗಳು’. ಗಣಿತದ ಮೇಷ್ಟ್ರು ಹುಟ್ಟಿದ್ದು 1967ರಲ್ಲಿ. ಆ ವರ್ಷ ಬಂದದ್ದು ‘ಮಲೆಗಳಲ್ಲಿ ಮದುಮಗಳು’. ಅವರು ಆ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ತಮ್ಮ ತಂದೆಯವರು ಒಂದು ವರ್ಷ ತಾಳಬಹುದಿತ್ತು ಎಂದರು. ಬೇರೆ ಪುಸ್ತಕ ಹುಡುಕಬಹುದಿತ್ತು, ಆದರೆ ಮೇಡಂ ಎದುರಿಗೇ ಕೂತಿದ್ದರು. ಮೂರು ತಿಂಗಳು ಮೇಷ್ಟ್ರು ನಮ್ಮ ಕಣ್ಣಿಗೆ ಬೀಳಲಿಲ್ಲ. ಮಳೆಗಾಲದಲ್ಲಿ ಕಾಣಿಸಿಕೊಂಡಾಗ ನಾಯಿಗುತ್ತಿಯ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ಗುತ್ತಿಯ ನಾಯಿ ಹುಲಿಯನ ನೆನಪು ಬಂದು ಸ್ವಲ್ಪ ಹೊತ್ತು ಸುಮ್ಮನಾದರು. ಇನ್ನು ಬ್ಯಾಂಕಿನ ರಾಯರು. ಕಪ್ಪು ಕೂದಲಿನ ಅವರಿಗೆ ಅರವತ್ತರ ಆಸುಪಾಸು ಎಂದು ನಾವೆಲ್ಲ ತಿಳಿದಿದ್ದೆವು. ಅವರು ಸದ್ದಿಲ್ಲದೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ತಂದು ಮೇಜಿನ ಮೇಲಿಟ್ಟರು. ಮೊದಲ ಮುದ್ರಣ 1956. ಯಾರೂ ಏನೂ ಹೇಳಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿದರು.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳೂ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾಳೆ. ಅನುವಾದದ ಬಾಬತ್ತಿಗೆ ಅವಳು ಓದಿದ್ದು ‘ಹಾರ್ಟ್ ಲ್ಯಾಂಪ್’. ಬಾನು ಮುಷ್ತಾಕರ ಕನ್ನಡ ಕಥೆಗಳು, ದೀಪಾ ಭಾಸ್ತಿಯವರ ಇಂಗ್ಲಿಷ್, 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್. ಕನ್ನಡ ಬರುವ ಹುಡುಗಿ ಕನ್ನಡದ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ ಗುರುತು ಹಾಕಿಕೊಂಡರೆ ಹೇಗಮ್ಮಾ ಎಂದೆ. "ಮಾವ, ಅನುವಾದ ಅಂದ್ರೆ ಅನುವಾದ. ಯಾವ ಭಾಷೆಯಿಂದ ಅಂತ ನಿಮ್ಮ ನಿಯಮದಲ್ಲಿ ಎಲ್ಲಿದೆ?" ಎಂದಳು. ಎಲ್ಲೂ ಇರಲಿಲ್ಲ. ಆಮೇಲೆ ಒಂದು ರಾತ್ರಿ ಫೋನು: "ಮಾವ, ಇವರು ಹಾಸನದವರಂತೆ!" ಅವಳಪ್ಪನ ಊರೂ ಹಾಸನವೇ. ಪ್ರತಿ ದೀಪಾವಳಿಗೆ ಅಲ್ಲಿಗೆ ಹೋಗಿ ಬರುವವಳು ಆ ಊರಿನ ಲೇಖಕಿಯನ್ನು ಕಾಣಲು ಲಂಡನ್ ಮೇಲೆ ಹಾದು ಬರಬೇಕಾಯಿತು. ನಾನು ನಗಲಿಲ್ಲ, ಕನ್ನಡದ ಪುಸ್ತಕ ಕಳಿಸಿಕೊಟ್ಟೆ. ಓದುತ್ತಿದ್ದಾಳೆ, ನಿಧಾನವಾಗಿ. ಅಡ್ಡ ಬರುವ ಮಾತುಗಳಿಗೆ ಅವಳಮ್ಮನನ್ನು ಕೇಳುತ್ತಾಳಂತೆ.

ಗ್ರಂಥಾಲಯದ ಬಾಬತ್ತು ಬರುವ ತನಕ ನಮ್ಮಲ್ಲಿ ಹಲವರು ಬಡಾವಣೆಯ ಶಾಖಾ ಗ್ರಂಥಾಲಯದ ಮೆಟ್ಟಿಲು ಹತ್ತಿದವರಲ್ಲ. ದುಡ್ಡು ಮಾತ್ರ ಕಟ್ಟುತ್ತಲೇ ಇದ್ದೆವು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರವಿದೆ. ಗಣಿತದ ಮೇಷ್ಟ್ರಿಗೆ ಇದನ್ನು ಯಾರೋ ಹೇಳಿದ್ದೇ ತಪ್ಪಾಯಿತು. ಮನೆ ಕಟ್ಟಿಸಿದ ವರ್ಷದಿಂದ ರಸೀದಿಗಳನ್ನೆಲ್ಲ ಹರಡಿಕೊಂಡು ತಾವು ಕೊಟ್ಟ ಮೊತ್ತ ತೆಗೆದು, ಅಷ್ಟನ್ನೂ ಓದಿಯೇ ವಸೂಲು ಮಾಡುತ್ತೇನೆಂದು ಹೊರಟರು. ಅವರು ಅಲ್ಲಿಂದ ತಂದದ್ದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1899ರದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದದ್ದು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ನೇರಳೆ ಶಾಯಿಯ ತಾರೀಕಿನ ಮುದ್ರೆ ಒಂದೇ ಒಂದು, ಅದೂ ಮಾಸಿದ್ದು. ಕೆಳಗೆಲ್ಲ ಖಾಲಿ ಗೆರೆಗಳು. ವಿಧವೆಯ ಮರುಮದುವೆಯ ಕಥೆಯನ್ನು ಅಷ್ಟು ಹಿಂದೆಯೇ ಬರೆದವರು ಪೊಲೀಸ್ ಇಲಾಖೆಯಲ್ಲಿದ್ದವರು ಎಂಬುದು ಮೇಷ್ಟ್ರಿಗೆ ಬಹಳ ಹಿಡಿಸಿತು.

ಹಾಗೆ ನೋಡಿದರೆ ನಮ್ಮ ಅಮ್ಮಂದಿರ ಕಾಲದ ಬಾಡಿಗೆ ಲೈಬ್ರರಿಗಳಿಗಿಂತ ಕಟುವಾದ ಚಾಲೆಂಜು ಇನ್ನೊಂದಿಲ್ಲ. ದಿನಕ್ಕಿಷ್ಟು ಪೈಸೆ. ಒಂದು ದಿನ ಹೆಚ್ಚಿಟ್ಟುಕೊಂಡರೆ ಸಾಸಿವೆ ಡಬ್ಬಿಯ ಚಿಲ್ಲರೆಗೆ ಸಂಚಕಾರ. ಹೀಗಾಗಿ ಮಧ್ಯಾಹ್ನ ತಂದ ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ.ಕೆ. ಇಂದಿರಾ ಮಾರನೆಯ ಮಧ್ಯಾಹ್ನಕ್ಕೆ ವಾಪಸು. ಅಮ್ಮ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಪುಸ್ತಕ ಹಿಡಿದು ಒಲೆಯ ಮುಂದೆ ನಿಂತಿರುತ್ತಿದ್ದಳು. ದುಃಖದ ಅಧ್ಯಾಯ ಬಂದ ದಿನ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಆ ಪುಸ್ತಕಗಳ ಅಂಚಿನಲ್ಲಿ ಹಿಂದಿನ ಓದುಗರ ಮಾತುಕತೆ ಬೇರೆ. ‘ಇವನನ್ನು ನಂಬಬೇಡ ಕಣೇ’ ಎಂದು ನಾಯಕಿಗೆ ಯಾರೋ ಪೆನ್ಸಿಲಿನಲ್ಲಿ ಬುದ್ಧಿ ಹೇಳಿದ್ದರೆ, ಅದರ ಕೆಳಗೆ ಇನ್ನೊಬ್ಬರು ನೀಲಿ ಶಾಯಿಯಲ್ಲಿ ‘ನಂಬುತ್ತಾಳೆ, 140ನೇ ಪುಟ ನೋಡಿ’ ಎಂದು ಉತ್ತರ ಕೊಟ್ಟಿರುತ್ತಿದ್ದರು. ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಡುತ್ತಿದ್ದ ಪುಣ್ಯಾತ್ಮನೊಬ್ಬ ನಮ್ಮ ಬೀದಿಯಲ್ಲೇ ಇದ್ದನೆಂದು ನನ್ನ ಅನುಮಾನ.

ಧಾರವಾಡದವರು ಇದಕ್ಕಿಂತ ಧೈರ್ಯಸ್ಥರು. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿ, ಯಾವ ಪುಸ್ತಕ ಬರುತ್ತದೋ ಅದನ್ನು ಓದುವುದು. ಆರಿಸುವ ಕೆಲಸ ಜಿ.ಬಿ. ಜೋಶಿಯವರದು ಮತ್ತು ಅವರ ಅಟ್ಟದ ಮೇಲೆ ಸೇರುತ್ತಿದ್ದವರದು. ಒಳ್ಳೆಯದೊಂದು ಸಂಸಾರದ ಕಾದಂಬರಿ ಬರಬಹುದೆಂದು ಕಾದವರ ಮನೆಗೆ 1961ರಲ್ಲಿ ಅಂಚೆಯವನು ತಂದುಕೊಟ್ಟದ್ದು, ಆಗಿನ್ನೂ ಯಾರಿಗೂ ಗೊತ್ತಿಲ್ಲದ ಗಿರೀಶ ಕಾರ್ನಾಡ ಎಂಬ ಹುಡುಗನ ‘ಯಯಾತಿ’. ದುಡ್ಡು ಕೊಟ್ಟಾಗಿದೆ, ಓದದೆ ವಿಧಿಯಿಲ್ಲ. ಪರಿಚಯವಿಲ್ಲದ ಲೇಖಕನಿಗೆ ಓದುಗರನ್ನು ಒದಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಕಾಣುವುದಿಲ್ಲ.

ಮೇಡಂ ಮುಂದೆ ಇದನ್ನು ಹೇಳಬಾರದಿತ್ತೇನೋ, ಹೇಳಿದೆ. ಮುಂದಿನ ವರ್ಷದ ಪಟ್ಟಿಗೆ ಆಗಲೇ ಸೇರಿಸಿಬಿಟ್ಟಿದ್ದಾರೆ: ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಆರಿಸಬೇಕು, ಕೊಟ್ಟದ್ದನ್ನು ಮರುಮಾತಿಲ್ಲದೆ ಓದಬೇಕು. ಚೀಟಿ ಎತ್ತಿಯೂ ಆಯಿತು. ಬಡಾವಣೆಯಲ್ಲಿ ಈಗ ಎಲ್ಲರಿಗೂ ಎಲ್ಲರ ಮೇಲೂ ವಿಶ್ವಾಸ. ಬ್ಯಾಂಕಿನ ರಾಯರ ಪುಸ್ತಕ ಆರಿಸುವ ಚೀಟಿ ಗಣಿತದ ಮೇಷ್ಟ್ರ ಕೈಗೆ ಬಂದಿದೆ. ರಾಯರ ಮನೆಯಿಂದ ಅವರ ಮನೆಗೆ ಒಂದು ಚೀಲ ನಂಜನಗೂಡು ರಸಬಾಳೆ ಹೋಗಿದೆ, ಹಿಂದೆಯೇ ಕೋಡುಬಳೆಯೂ ಹೋಯಿತು. ನಿನ್ನೆ ಕೆರೆ ಏರಿಯ ಮೇಲೆ ರಾಯರು ಹೊಂಗೆಯ ಎಲೆಯೊಂದನ್ನು ಹೊಸಕಿ ಮೂಸಲು ಕೊಟ್ಟಾಗ, ಮೇಷ್ಟ್ರು ತುಂಬ ಪ್ರೀತಿಯಿಂದ ಮೂಸಿ ಕೇಳಿದರು:

"ಸಾರ್, ನೀವು ‘ಪರ್ವ’ ಓದಿದೀರಾ?"